ಬೋರ್ಡಿಗೆ ಅಳತೆ ಸಿಕ್ಕಿತು, ಅಕ್ಷರಕ್ಕೆ ಕೈ ಸಿಗಲಿ

ಕರ್ನಾಟಕದ ಅಂಗಡಿ, ಕಚೇರಿ, ಕಾರ್ಖಾನೆಗಳ ನಾಮಫಲಕದಲ್ಲಿ ಶೇ 60ರಷ್ಟು ಜಾಗ ಕನ್ನಡದ್ದಾಗಿರಬೇಕು, ಅದೂ ಫಲಕದ ಮೇಲ್ಭಾಗದಲ್ಲೇ ಇರಬೇಕು ಎನ್ನುವುದು ಈಗ ಕಾನೂನು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರ ಫೆಬ್ರುವರಿಯಲ್ಲಿ ವಿಧಾನಮಂಡಲ ಒಪ್ಪಿಗೆ ಕೊಟ್ಟ ತಿದ್ದುಪಡಿಯ ಹಿಂದೆ ಬೆಂಗಳೂರಿನ ಬೀದಿಗಳಲ್ಲಿ ನಡೆದ ಹೋರಾಟವಿತ್ತು, ಕನ್ನಡ ನಾಡಿನಲ್ಲೇ ಕನ್ನಡಕ್ಕೆ ಜಾಗ ಕೇಳಬೇಕಾಗಿ ಬಂದ ಬೇಸರವೂ ಇತ್ತು. ಕಾನೂನು ಬಂದದ್ದು ಸರಿಯೇ. ಆದರೆ ಆ ಅಳತೆಯೊಳಗೆ ಬಂದು ಕೂತ ಅಕ್ಷರಗಳನ್ನು ಒಮ್ಮೆ ಕಣ್ಣಿಟ್ಟು ನೋಡಬೇಕು. ಶಿವಮೊಗ್ಗದ ನೆಹರೂ ರಸ್ತೆಯಿಂದ ಹಿಡಿದು ಬಿ.ಎಚ್. ರಸ್ತೆಯ ಗುಂಟ ಮಲವಗೊಪ್ಪ, ಮಾಚೇನಹಳ್ಳಿ ದಾಟಿ ಭದ್ರಾವತಿ ತಲುಪುವ ಸುಮಾರು 20 ಕಿಲೋಮೀಟರಿನಲ್ಲಿ ಬೇಕರಿಗೂ ಆಸ್ಪತ್ರೆಗೂ ಟೈರ್ ಅಂಗಡಿಗೂ ಕಲ್ಯಾಣ ಮಂಟಪಕ್ಕೂ ಅದೇ ನಾಲ್ಕಾರು ಕಂಪ್ಯೂಟರ್ ಅಕ್ಷರಗಳು. ಜಾಗ ತುಂಬಲೆಂದು ಕೆಲವನ್ನು ಅಡ್ಡಕ್ಕೆ ಎಳೆಯಲಾಗಿದೆ, ಕೆಲವನ್ನು ಮೇಲಕ್ಕೆ ಜಗ್ಗಲಾಗಿದೆ. ಫಲಕದ ವಿಸ್ತೀರ್ಣ ಅಳೆಯುವ ಅಧಿಕಾರಿಗೆ ಅಲ್ಲಿ ತಪ್ಪು ಕಾಣುವುದಿಲ್ಲ. ಓದುವವರಿಗೆ ಮಾತ್ರ ಇದು ಯಾವ ಊರಿನ ಬೀದಿ ಎಂಬ ಸುಳಿವೇ ಸಿಗುವುದಿಲ್ಲ. ಕನ್ನಡಕ್ಕೆ ಎಷ್ಟು ಜಾಗ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದೆ. ಆ ಜಾಗದಲ್ಲಿ ಯಾರು, ಹೇಗೆ ಬರೆಯಬೇಕು ಎಂಬ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿಲ್ಲ. ಅದಕ್ಕೆ ಉತ್ತರವಾಗಿ, ಸಾರ್ವಜನಿಕ ಹಣದಲ್ಲಿ ಬರೆಸುವ ಫಲಕಗಳಲ್ಲಿ ಒಂದು ಪಾಲನ್ನಾದರೂ ಕೈಬರಹದ ಕಲಾವಿದರಿಗೆ ಮೀಸಲಿಡಬೇಕು, ಅದಕ್ಕೆ ಕುಶಲ ಕೆಲಸದ ಸಂಬಳ ಕೊಡಬೇಕು, ಫಲಕದ ಮೇಲೆ ಬರೆದವರ ಹೆಸರು ಇರಬೇಕು ಎಂದು ಈ ಲೇಖನ ವಾದಿಸುತ್ತದೆ.

ಪೇಟೆಯ ಬದುಕು ಅಕ್ಷರದ ಆಕಾರಕ್ಕೆ ಇಳಿಯುತ್ತದೆ ಎನ್ನುವುದಕ್ಕೆ ಆಧಾರ ಹುಡುಕಲು ದೂರ ಹೋಗಬೇಕಿಲ್ಲ. ಆಟೊದ ಬೆನ್ನಿನ ಮೇಲೆ ಶಂಕರ್‌ನಾಗ್ ಹೆಸರು ಬರೆಯುವಾಗ ಪೇಂಟರ್ ಬಳಸುವ ಓಟದ ಅಕ್ಷರವನ್ನು ಅದೇ ಪೇಂಟರ್ ದೇವಸ್ಥಾನದ ಕಮಾನಿಗೆ ಬಳಸುವುದಿಲ್ಲ. ಟಾಕೀಸಿನ ಬೋರ್ಡಿಗೆ ನೆರಳು ಕೊಟ್ಟು ಉಬ್ಬಿಸಿದ ಅಕ್ಷರ ಬೇಕು. ಕಾರ್ಮಿಕ ಸಂಘದ ಗೋಡೆಬರಹಕ್ಕೆ ಚಪ್ಪಟೆ ಬ್ರಷ್ಷಿನ ಒಂದೇ ಎಳೆತದ ಕೆಂಪು ಅಕ್ಷರ ಸಾಕು. ಅಡಿಕೆ ಮಂಡಿಯ ಚೀಲದ ಮೇಲೆ ಬಳಿಯುವ ಗುರುತು ಗೋಣಿಯ ಒರಟು ನೇಯ್ಗೆಯಲ್ಲಿ ಹರಡಿಕೊಳ್ಳದಂತೆ ದಪ್ಪಗಿರಬೇಕು. ಮಲೆನಾಡಿನ ಖಾಸಗಿ ಬಸ್ಸುಗಳನ್ನೇ ನೋಡಿ. ಗಜಾನನವೋ ಸಹಕಾರ ಸಾರಿಗೆಯೋ ಎಂದು ತಿರುವಿನಾಚೆಯಿಂದಲೇ ಜನ ಗುರುತಿಸುತ್ತಿದ್ದದ್ದು ಹೆಸರನ್ನು ಓದಿ ಅಲ್ಲ. ಬಣ್ಣ ಮತ್ತು ಬರಹದ ಬಾಗು ಅವರ ಕಣ್ಣಿಗೆ ಮೊದಲು ಬೀಳುತ್ತಿತ್ತು. ಓದು ಬಾರದವರೂ ಊರಿನ ಅಕ್ಷರವನ್ನು ಈ ಅರ್ಥದಲ್ಲಿ ಓದುತ್ತಿದ್ದರು. ಭದ್ರಾವತಿಯಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಪದರವಿದೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಇವೆರಡರ ಸುತ್ತ ಬೆಳೆದ ನ್ಯೂಟೌನ್ ಮತ್ತು ಪೇಪರ್‌ಟೌನ್‌ಗಳಲ್ಲಿ ಪಾಳಿಯ ಸೂಚನೆ, ಸುರಕ್ಷತೆಯ ಘೋಷಣೆ, ಸಂಘದ ಚುನಾವಣೆ, ನಾಟಕದ ಪ್ರಚಾರ ಎಲ್ಲವೂ ದಶಕಗಳ ಕಾಲ ಬ್ರಷ್ಷಿನಿಂದಲೇ ನಡೆದವು. ಕಬ್ಬಿಣ ಮತ್ತು ಕಾಗದ ಎರಡನ್ನೂ ನಾಡಿಗೆ ಕೊಟ್ಟ ಊರು ಅದು. ಇಂಥ ಕಡೆ ಅಕ್ಷರ ಬರೆಯುವವರು ಊರಿನ ಕೆಲಸವನ್ನು, ಸದ್ದನ್ನು, ಅವಸರವನ್ನು ದಿನವೂ ನೋಡುತ್ತಿದ್ದವರು. ಕಲಾವಿದರು ಪೇಟೆಯಿಂದ ಸ್ಫೂರ್ತಿ ಪಡೆದು ಅಕ್ಷರ ರಚಿಸುತ್ತಾರೆ ಎಂದು ಇಂದು ಪ್ರದರ್ಶನದ ಪ್ರಕಟಣೆಗಳಲ್ಲಿ ಬರೆಯುತ್ತೇವೆ. ಬೋರ್ಡ್ ಬರೆಯುವವರಿಗೆ ಅದು ಸ್ಫೂರ್ತಿ ಎನ್ನುವಷ್ಟು ದೂರದ ವಿಷಯವಾಗಿರಲಿಲ್ಲ. ದಿನದ ಕೂಲಿಯ ಷರತ್ತೇ ಅದಾಗಿತ್ತು.

ಕನ್ನಡ ಲಿಪಿಯ ರಚನೆಯೇ ಇಂಥ ಕೈಯನ್ನು ಕೇಳುತ್ತದೆ. ಮಲವಗೊಪ್ಪ ಎಂಬ ಊರ ಹೆಸರನ್ನೇ ಒಂದು ತಗಡಿನ ಮೇಲೆ ಬರೆಯಬೇಕು ಎಂದುಕೊಳ್ಳೋಣ. ಮ, ವ, ಪ ಮೂರೂ ಅಕ್ಷರಗಳ ಮೈ ಹೆಚ್ಚುಕಡಿಮೆ ಒಂದೇ. ತಲೆಕಟ್ಟು ಮೈಗೆ ಎಲ್ಲಿ ಕೂಡುತ್ತದೆ, ಎಲ್ಲಿ ಬಿರುಕು ಬಿಡುತ್ತದೆ, ಬಲಗಡೆಯ ಬಾಲ ಎಷ್ಟು ಏಳುತ್ತದೆ ಎಂಬುದರಲ್ಲೇ ವ್ಯತ್ಯಾಸವಿರುವುದು. ಈ ಮೂರೂ ಒಂದೇ ಹೆಸರಿನಲ್ಲಿ ಬಂದಿವೆ. ಅಕ್ಷರದ ಅಳತೆ ಕೆಡಿಸಿದ ಕೂಡಲೇ ಮೊದಲು ಕಣ್ಣಿಗೆ ತಪ್ಪುವುದು ಆ ಸಣ್ಣ ಬಿರುಕು. ಓಡುವ ಬಸ್ಸಿನಿಂದ ನೋಡುವವರಿಗೆ ಪ ಮತ್ತು ವ ಒಂದೇ ಆಗಿಬಿಡುತ್ತವೆ. ಇನ್ನು ಹೆಸರಿನ ಮೊದಲ ಮೂರು ಅಕ್ಷರ ಒಂದೇ ಸಾಲಿನಲ್ಲಿ ಕೂರುತ್ತವೆ, ಗೊ ಕೊಂಬೆತ್ತಿ ಮೇಲೇರುತ್ತದೆ, ಪ್ಪ ಒತ್ತಕ್ಷರವಾಗಿ ಸಾಲಿನ ಕೆಳಗೆ ಇಳಿಯುತ್ತದೆ. ಶಿವಮೊಗ್ಗದ ಗ್ಗ, ಭದ್ರಾವತಿಯ ದ್ರಾ ಕೂಡ ಹೀಗೇ ಕೆಳಗೆ ಜಾಗ ಕೇಳುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದ ಪಟ್ಟಿಯೊಳಗೆ ಮುಗಿಯುತ್ತವೆ. ಕನ್ನಡಕ್ಕೆ ಮೇಲೊಂದು, ನಡುವೊಂದು, ಕೆಳಗೊಂದು ಹೀಗೆ ಮೂರು ಪಟ್ಟಿ ಬೇಕು. ಕಂಪ್ಯೂಟರಿನ ಮುಂದೆ ಕೂತವರು ಈ ಇಕ್ಕಟ್ಟನ್ನು ಬಿಡಿಸುವುದು ಇಡೀ ಸಾಲನ್ನು ಕುಗ್ಗಿಸಿ. ಹಾಗಾಗಿ ಶೇ 60ರ ಜಾಗದಲ್ಲೂ ಕನ್ನಡ ಸಣ್ಣದಾಗಿಯೇ ಕಾಣುತ್ತದೆ. ಅನುಭವಸ್ಥ ಪೇಂಟರ್ ಮಾಡುವುದೇ ಬೇರೆ. ದಾರಕ್ಕೆ ಸುಣ್ಣ ಹಚ್ಚಿ ಗೆರೆ ಹೊಡೆಯುವಾಗಲೇ ಒತ್ತಕ್ಷರ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾರೆ, ಅದನ್ನು ಹಿಂದಿನ ಅಕ್ಷರದ ಹೊಟ್ಟೆಯ ಕೆಳಗೆ ಸರಿಸುತ್ತಾರೆ, ಕೊಂಬನ್ನು ಮುಂದಿನ ಅಕ್ಷರದ ತಲೆಯ ಮೇಲೆ ಚಾಚುತ್ತಾರೆ, ಉಳಿದ ಮೂಲೆಗೆ ಬಾಲವನ್ನು ಬಾಗಿಸುತ್ತಾರೆ. ನೋಡುವವರಿಗೆ ಅಲಂಕಾರದಂತೆ ಕಾಣುವುದು ಬಹುಮಟ್ಟಿಗೆ ಇಕ್ಕಟ್ಟಿಗೆ ಕಂಡುಕೊಂಡ ಪರಿಹಾರ. ಕೈಬರಹದ ಸೊಗಸೆಂದು ನಾವು ಕರೆಯುವುದು ಕನ್ನಡದ ಕಾಗುಣಿತ ಮತ್ತು ಒಂದು ನಿರ್ದಿಷ್ಟ ಗೋಡೆಯ ನಡುವೆ ಆದ ಒಪ್ಪಂದವನ್ನು.

ಹಾಗೆಂದು ಕಂಪ್ಯೂಟರನ್ನು ಬೈದು ಪ್ರಯೋಜನವಿಲ್ಲ. 1998ರಲ್ಲಿ ಬಂದ ಬರಹ ತಂತ್ರಾಂಶ, ನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಇವೆರಡೂ ಇಲ್ಲದಿದ್ದರೆ ಕನ್ನಡ ತಂತ್ರಜ್ಞಾನದ ಹೊರಗೇ ಉಳಿಯುತ್ತಿತ್ತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಂದಿಗೂ ನಮ್ಮ ಬೆರಳಿನಡಿ ಇದೆ. ವಿಂಡೋಸ್ ಜೊತೆ ಬಂದ ತುಂಗಾ ಎಂಬ ಕನ್ನಡ ಫಾಂಟಿನ ಹಿಂದೆ ಇದ್ದವರು ಸ್ವತಃ ಕ್ಯಾಲಿಗ್ರಫಿ ಕಲಾವಿದರಾಗಿದ್ದ ಆರ್.ಕೆ. ಜೋಶಿ, ಶಿವಮೊಗ್ಗದ ನದಿಯ ಹೆಸರನ್ನೇ ಹೊತ್ತ ಆ ಯಂತ್ರದ ಅಕ್ಷರವೂ ಕೈ ಪಳಗಿದವರಿಂದಲೇ ಬಂದದ್ದು. ತೊಂದರೆ ಹುಟ್ಟಿದ್ದು ಆಮೇಲಿನ ಹಂತದಲ್ಲಿ. ಫ್ಲೆಕ್ಸ್ ಅಂಗಡಿಗಳಲ್ಲಿ ಬಳಸುವ ವಿನ್ಯಾಸದ ತಂತ್ರಾಂಶಗಳ ಹಳೆಯ ಆವೃತ್ತಿಗಳು ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿರಲಿಲ್ಲ. ಆದ್ದರಿಂದ ಹಳೆಯ ಸಂಕೇತದ ನುಡಿ, ಶ್ರೀಲಿಪಿ ಫಾಂಟುಗಳೇ ಅಲ್ಲಿ ಖಾಯಂ ಆದವು. ಆ ಅಕ್ಷರಗಳಲ್ಲಿ ಹೆಚ್ಚಿನವು ಪತ್ರ, ಪುಸ್ತಕ, ಕಡತಗಳಲ್ಲಿ ಸಣ್ಣದಾಗಿ ಓದಲೆಂದು ಮಾಡಿದವು. ಹತ್ತಡಿ ಉದ್ದದ ಬೋರ್ಡಿನಲ್ಲಿ ಅವು ಹೇಗೆ ಕಾಣುತ್ತವೆ ಎಂದು ನೋಡುವುದು ಯಾರ ಕೆಲಸವೂ ಆಗಲಿಲ್ಲ. ಮಾಲೀಕರು ಹೆಸರನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಡಿಟಿಪಿಯವರು ಟೈಪ್ ಮಾಡುತ್ತಾರೆ, ಯಂತ್ರ ಮುದ್ರಿಸುತ್ತದೆ, ಇನ್ನೊಬ್ಬರು ಬಂದು ಮೊಳೆ ಹೊಡೆಯುತ್ತಾರೆ. ಈ ನಾಲ್ವರಲ್ಲಿ ಬೋರ್ಡು ಏರುವ ಗೋಡೆಯನ್ನು ಮೊದಲೇ ನೋಡಿದವರು, ಅಕ್ಷರಕ್ಕೆ ಜವಾಬ್ದಾರರಾದವರು ಒಬ್ಬರೂ ಇಲ್ಲ. ಕೈಬರಹ ಮರೆಯಾದಾಗ ಬ್ರಷ್ಷಿಗಿಂತ ಹೆಚ್ಚಾಗಿ ನಾವು ಕಳೆದುಕೊಂಡದ್ದು ಈ ಹೊಣೆಯನ್ನು.

ಆ ಹೊಣೆ ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಹೊಸ ಕಲ್ಪನೆಯೇನಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬ ಶಾಂತಿವರ್ಮನ ಕಾಲದ ಸ್ತಂಭ ಶಾಸನವಿದೆ. ಆ ಕಾವ್ಯವನ್ನು ರಚಿಸಿದ ಕುಬ್ಜ ಕವಿಯೇ ಅದನ್ನು ಕಲ್ಲಿನ ಮೇಲೆ ಬರೆದವನು, ಹಾಗೆಂದು ಶಾಸನವೇ ಹೇಳುತ್ತದೆ. ಕವಿ ಬೇರೆ, ಬರಹಗಾರ ಬೇರೆ ಎಂಬ ಭೇದ ಅಲ್ಲಿಲ್ಲ. ಅದೇ ತಾಲ್ಲೂಕಿನ ಬಳ್ಳಿಗಾವೆಯ ದಾಸೋಜ ಬೇಲೂರಿನ ಶಿಲ್ಪಗಳ ಕೆಳಗೆ ತನ್ನ ಹೆಸರನ್ನೂ ಊರನ್ನೂ ಕೊರೆದಿಟ್ಟಿದ್ದಾನೆ. ಶಾಸನಗಳ ಕೊನೆಯಲ್ಲಿ ಬರೆದವರ, ಕಂಡರಿಸಿದವರ ಹೆಸರು ಬರುವುದು ಕನ್ನಡ ನಾಡಿನಲ್ಲಿ ಸಾಮಾನ್ಯ ರೂಢಿ. ಮುದ್ರಣದ ಕಾಲಕ್ಕೆ ಬಂದರೂ ಕೈ ಮರೆಯಾಗಲಿಲ್ಲ. 1843ರಲ್ಲಿ ಮೊಗ್ಲಿಂಗ್ ಹೊರತಂದ ಮಂಗಳೂರ ಸಮಾಚಾರ ಮೊದಲು ಅಚ್ಚಾದದ್ದು ಕಲ್ಲಚ್ಚಿನಲ್ಲಿ, ಅಂದರೆ ಕೈಯಿಂದ ಬರೆದ ಪುಟವನ್ನು ಕಲ್ಲಿಗೆ ಇಳಿಸಿ; ಕನ್ನಡದ ಮೊದಲ ಪತ್ರಿಕೆಯನ್ನು ಓದಿದವರು ಒಬ್ಬರ ಕೈಬರಹವನ್ನೇ ಓದಿದ್ದರು. ಮೊಳೆಯಚ್ಚು ಬಂದು ಶತಮಾನ ಕಳೆದ ಮೇಲೂ ವಾರಪತ್ರಿಕೆಗಳ ಕಥೆ, ಧಾರಾವಾಹಿಗಳ ಶೀರ್ಷಿಕೆಯನ್ನು ಚಿತ್ರಕಾರರು ಕೈಯಲ್ಲೇ ಬರೆಯುತ್ತಿದ್ದರು. ಬೋರ್ಡಿನ ಬಲಮೂಲೆಯಲ್ಲಿ ಯಾವುದೋ ಆರ್ಟ್ಸ್ ಎಂದು ಸಣ್ಣದಾಗಿ ರುಜು ಹಾಕುವ ಪೇಂಟರ್ ಈ ಸಾಲಿನ ಕೊನೆಯ ಕೊಂಡಿ. ಆ ರುಜು ಜಾಹೀರಾತೂ ಹೌದು, ಜಾಮೀನೂ ಹೌದು. ಕಾಗುಣಿತ ತಪ್ಪಿದರೆ, ಬಣ್ಣ ಸುಲಿದರೆ ಯಾರನ್ನು ಕೇಳಬೇಕೆಂದು ಊರಿಗೆ ಗೊತ್ತಿರುತ್ತಿತ್ತು. ಫ್ಲೆಕ್ಸಿನ ಮೇಲೆ ಶುಭ ಕೋರುವ ಇಪ್ಪತ್ತು ಜನರ ಭಾವಚಿತ್ರವಿರುತ್ತದೆ, ಅಕ್ಷರ ಜೋಡಿಸಿದವರ ಹೆಸರಿರುವುದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಕಡೆ ಕೈಬರಹಕ್ಕೆ ಹೊಸ ಗೌರವ ಸಿಕ್ಕಿದೆ. ಅಪಾರ ಅವರ ಪುಸ್ತಕ ಮುಖಪುಟಗಳಲ್ಲಿ ಅಕ್ಷರವೇ ಚಿತ್ರವಾಗುವುದನ್ನು ಕನ್ನಡದ ಓದುಗರು ಬಲ್ಲರು. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನಡಕ, ಏಕ್ ಟೈಪ್ ಬಳಗದ ಬಾಲೂ ತಮ್ಮ ಇವುಗಳಂಥ ಫಾಂಟುಗಳು ಕನ್ನಡದ ದಪ್ಪ, ತುಂಟ, ಆಟದ ರೂಪಗಳನ್ನು ತೆರೆಯ ಮೇಲೆ ತಂದಿವೆ. 2024ರಲ್ಲಿ ತೀರಿಕೊಂಡ ಹನೀಫ್ ಕುರೇಶಿ ದೇಶದ ಬೀದಿ ಪೇಂಟರುಗಳ ಅಕ್ಷರಗಳನ್ನು ಅವರವರ ಹೆಸರಿನಲ್ಲೇ ಫಾಂಟಾಗಿಸುವ ಯೋಜನೆ ನಡೆಸಿದರು, ಮಾರಾಟದಲ್ಲಿ ಪೇಂಟರಿಗೂ ಪಾಲು ಇರಬೇಕೆಂದರು. ಪೂಜಾ ಸಕ್ಸೇನಾ ಭಾರತದ ನಗರಗಳ ಬೋರ್ಡುಗಳನ್ನು ವರ್ಷಗಟ್ಟಲೆ ದಾಖಲಿಸಿದ್ದಾರೆ. ಇವೆಲ್ಲ ಒಳ್ಳೆಯ ಕೆಲಸಗಳು. ಆದರೆ ಇವುಗಳ ದಿಕ್ಕನ್ನು ಗಮನಿಸಬೇಕು. ಬೀದಿಯ ಅಕ್ಷರ ಮುಖಪುಟಕ್ಕೆ, ತೆರೆಗೆ, ಕಾಫಿ ಬಟ್ಟಲಿಗೆ, ಟೀಶರ್ಟಿಗೆ, ಪ್ರದರ್ಶನದ ಗೋಡೆಗೆ ಹೋಗುತ್ತಿದೆ. ಅಲ್ಲಿಂದ ಬೀದಿಗೆ ಮರಳಿ ಬರುವುದು ತೀರಾ ಕಡಿಮೆ. ಮೂಲದಲ್ಲಿ ಹೊಸ ಅಕ್ಷರ ಹುಟ್ಟದಿದ್ದರೆ ಕಲಾವಿದರಿಗೆ ಉಳಿಯುವುದು ಹಳೆಯ ಬೋರ್ಡುಗಳ ಫೋಟೊ ಮಾತ್ರ. ಆಗ ನಗರದ ಬದುಕಿನಿಂದ ಪ್ರೇರಿತವಾದ ಅಕ್ಷರ ಎಂದು ನಾವು ಮೆಚ್ಚುವುದು ಎಪ್ಪತ್ತು, ಎಂಬತ್ತರ ದಶಕದ ನಗರದ ನಕಲಾಗಿರುತ್ತದೆ. ಇಂದಿನ ಶಿವಮೊಗ್ಗಕ್ಕೆ ವಿಮಾನ ನಿಲ್ದಾಣ ಬಂದಿದೆ, ಹೆದ್ದಾರಿ ಅಗಲವಾಗುತ್ತಿದೆ, ಅಂಚಿನ ಹಳ್ಳಿಗಳು ಬಡಾವಣೆಗಳಾಗುತ್ತಿವೆ. ಈ ಬದುಕಿಗೂ ತನ್ನದೇ ಅಕ್ಷರ ಬೇಕಲ್ಲವೇ? ಅದನ್ನು ಬೀದಿಯಲ್ಲಿ ನಿಂತು, ಬೀದಿಯವರಿಗಾಗಿ ಬರೆದಾಗ ಮಾತ್ರ ಕಂಡುಕೊಳ್ಳಲು ಸಾಧ್ಯ.

ಫಲಕಗಳಲ್ಲಿ ಕೈಬರಹಕ್ಕೆ ಪಾಲು ಕೇಳಿದಾಗ ಬರುವ ಮೊದಲ ಆಕ್ಷೇಪ ಹಣದ್ದು. ಫ್ಲೆಕ್ಸ್ ಚದರಡಿಯ ಲೆಕ್ಕದಲ್ಲಿ ಅಗ್ಗ, ಬೆಳಿಗ್ಗೆ ಹೇಳಿದರೆ ಸಂಜೆಗೆ ಸಿದ್ಧ. ಕೈಬರಹಕ್ಕೆ ದಿನಗಳು ಬೇಕು, ಕೂಲಿ ಹೆಚ್ಚು. ಒಂದೇ ದಿನದ ಸಮಾರಂಭದ ಬ್ಯಾನರಿನ ಮಟ್ಟಿಗೆ ಈ ವಾದ ಗೆಲ್ಲುತ್ತದೆ. ವರ್ಷಾನುಗಟ್ಟಲೆ ನಿಲ್ಲಬೇಕಾದ ಫಲಕಕ್ಕೆ ಬಂದಾಗ ಲೆಕ್ಕ ಬದಲಾಗುತ್ತದೆ. ಮಲೆನಾಡಿನ ಅಂಚಿನ ಮಳೆ, ಅದರ ಬೆನ್ನಿಗೇ ಬರುವ ಬಿಸಿಲಿನಲ್ಲಿ ಫ್ಲೆಕ್ಸಿನ ಬಣ್ಣ ಬೇಗ ಮಾಸುತ್ತದೆ, ಬಟ್ಟೆ ಹರಿಯುತ್ತದೆ. ಒಳ್ಳೆಯ ಅಸ್ತರಿನ ಮೇಲೆ ಎನಾಮೆಲ್‌ನಲ್ಲಿ ಬರೆದ ತಗಡು ಹಲವು ಮಳೆಗಾಲ ತಡೆಯುತ್ತದೆ, ಮಾಸಿದರೆ ಅದೇ ತಗಡಿನ ಮೇಲೆ ಮತ್ತೆ ಬರೆಯಬಹುದು. ಇದಕ್ಕಿಂತ ಮುಖ್ಯವಾದ ಸಂಗತಿ ಎಂದರೆ ಫ್ಲೆಕ್ಸ್ ಪಿವಿಸಿ ಪ್ಲಾಸ್ಟಿಕ್. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿದೆ. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬೆಂಗಳೂರಿನಲ್ಲಿ ರಾತ್ರೋರಾತ್ರಿ ಸಾವಿರಾರು ಫ್ಲೆಕ್ಸುಗಳು ಇಳಿದವು. ಕಾಗದದ ಮೇಲೆ ನಿಷೇಧವಾದ ವಸ್ತುವನ್ನೇ ಅಗ್ಗದ ಮಾನದಂಡವಾಗಿಟ್ಟುಕೊಂಡು ಕೈಬರಹವನ್ನು ದುಬಾರಿ ಎನ್ನುತ್ತಿದ್ದೇವೆ. ಅದರ ಕಸ ಸಾಗಿಸುವ ಖರ್ಚು ಪಾಲಿಕೆಯ ತಲೆಗೆ ಬರುತ್ತದೆ, ಬೋರ್ಡಿನ ಬಿಲ್ಲಿನಲ್ಲಿ ಕಾಣುವುದಿಲ್ಲ. ಫ್ಲೆಕ್ಸ್ ಅತಿ ಸುಲಭವಾಗಿ ಏಳುವುದಕ್ಕೆ ಇನ್ನೊಂದು ಬೆಲೆಯೂ ಇದೆ. 2022ರ ಆಗಸ್ಟ್‌ 15ರಂದು ಶಿವಮೊಗ್ಗದ ಅಮೀರ್ ಅಹ್ಮದ್ ವೃತ್ತದಲ್ಲಿ ಒಂದು ಫ್ಲೆಕ್ಸಿನ ಸುತ್ತ ಎದ್ದ ಗಲಾಟೆ ನಿಷೇಧಾಜ್ಞೆಯ ತನಕ ಹೋಯಿತು. ದ್ವೇಷದ ಮಾತನ್ನು ಬ್ರಷ್ಷಿನಿಂದಲೂ ಬರೆಯಬಹುದು, ಬರೆದದ್ದೂ ಉಂಟು. ಆದರೆ ಬರೆದವರು ಯಾರೆಂದು ಗೊತ್ತಿರುವ ಕಡೆ, ಬರೆಯಲು ದಿನ ಹಿಡಿಯುವ ಕಡೆ ಯೋಚಿಸುವುದಕ್ಕೂ ತಡೆಯುವುದಕ್ಕೂ ಸ್ವಲ್ಪ ಅವಕಾಶವಿರುತ್ತದೆ.

ಹಣದ ಮಾತು ಬಂದಾಗ ಸರ್ಕಾರ ಅಕ್ಷರಕ್ಕೆ ಹೇಗೆ ಬೆಲೆ ಕಟ್ಟುತ್ತದೆ ಎಂಬುದನ್ನೂ ನೋಡಬೇಕು. ಕೇಂದ್ರದ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ದರ ವಿಶ್ಲೇಷಣೆಯ ಕೈಪಿಡಿಯಲ್ಲಿ ಬಣ್ಣದಿಂದ ಅಕ್ಷರ ಬರೆಯುವುದಕ್ಕೆ ಒಂದು ಬಾಬತ್ತಿದೆ. ಕೂಲಿಯನ್ನು ಅಕ್ಷರದ ಎತ್ತರದ ಸೆಂಟಿಮೀಟರಿನಲ್ಲಿ ಅಳೆಯಲಾಗುತ್ತದೆ. ಹಿಂದಿಯಲ್ಲಿ ಬರೆದರೆ ಮಾತ್ರೆ, ಅಲ್ಪವಿರಾಮಗಳಿಗೆ ಹಣವಿಲ್ಲ, ಅರ್ಧಾಕ್ಷರಕ್ಕೆ ಅರ್ಧ ಲೆಕ್ಕ. ಈ ತರ್ಕವನ್ನು ಕನ್ನಡಕ್ಕೆ ಹಾಕಿ ನೋಡಿ: ಕೊಂಬು, ಗುಡಿಸು, ದೀರ್ಘ, ಒತ್ತು, ಅರ್ಕಾವತ್ತು ಹೀಗೆ ಯಾವುದು ಬರೆಯಲು ಅತಿ ಕಷ್ಟವೋ, ಯಾವುದರಲ್ಲಿ ಲಿಪಿಯ ಚೆಲುವಿದೆಯೋ ಅದಕ್ಕೆ ಅರ್ಧ ಕೂಲಿ, ಇಲ್ಲವೇ ಕವಡೆಯೂ ಇಲ್ಲ. ಒಂದು ಕಾನೂನು ಕನ್ನಡವನ್ನು ಶೇಕಡಾವಾರಿನಲ್ಲಿ ಅಳೆಯುತ್ತದೆ, ಒಂದು ದರಪಟ್ಟಿ ಅಕ್ಷರವನ್ನು ಸೆಂಟಿಮೀಟರಿನಲ್ಲಿ ಅಳೆಯುತ್ತದೆ. ಚೆನ್ನಾಗಿ ಬರೆಯುವುದಕ್ಕೂ ಕೆಟ್ಟದಾಗಿ ಬರೆಯುವುದಕ್ಕೂ ಇರುವ ವ್ಯತ್ಯಾಸ ಎರಡರಲ್ಲೂ ಕಾಣುವುದಿಲ್ಲ. ಒಳ್ಳೆಯ ಪೇಂಟರುಗಳು ಸರ್ಕಾರಿ ಕೆಲಸದಿಂದ ದೂರವಿದ್ದರೆ ಆಶ್ಚರ್ಯವೇನು? 2023ರಿಂದ ಹಳೆಯ ವಾಹನಗಳಿಗೂ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗುತ್ತ ಬಂದಾಗ ನಂಬರ್ ಪ್ಲೇಟ್ ಬರೆಯುವ ಚಿಲ್ಲರೆ ಕೆಲಸವೂ ಅವರ ಕೈಜಾರಿತು. ಆ ನಿಯಮಕ್ಕೆ ತಕ್ಕ ಕಾರಣವಿದೆ, ಕಳ್ಳತನ ತಡೆಯಬೇಕು. ಆದರೆ ಒಂದು ಕಸುಬಿನಿಂದ ಒಂದೊಂದೇ ಕೆಲಸವನ್ನು ಕಿತ್ತುಕೊಳ್ಳುತ್ತ ಹೋದ ಸರ್ಕಾರಕ್ಕೆ ಅದೇ ಕಸುಬಿಗೆ ಹೊಸ ಕೆಲಸ ಕೊಡುವ ಹೊಣೆಯೂ ಇರಬೇಕು.

ಎರಡನೆಯ ಆಕ್ಷೇಪ ಸ್ಪಷ್ಟತೆಯದು. ಫಲಕವಿರುವುದು ಓದಲಿಕ್ಕೆ, ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದರೆ ಹೊರಗಿನಿಂದ ಬಂದವರು ಗೊಂದಲಕ್ಕೆ ಬೀಳುವುದಿಲ್ಲವೇ? ಹೆದ್ದಾರಿಯ ದಿಕ್ಸೂಚಿ, ಆಸ್ಪತ್ರೆಯ ತುರ್ತು ವಿಭಾಗ, ರೈಲು ನಿಲ್ದಾಣಗಳಲ್ಲಿ ಏಕರೂಪದ ಅಕ್ಷರವೇ ಇರಬೇಕು, ಅದರಲ್ಲಿ ಚರ್ಚೆಯಿಲ್ಲ. ವೇಗದಲ್ಲಿ ಹೋಗುವವರಿಗೆ ಅಕ್ಷರ ಅಚ್ಚರಿ ಕೊಡಬಾರದು. ಆದರೆ ಊರಿನೊಳಗಿನ ಉದ್ಯಾನ, ಗ್ರಂಥಾಲಯ, ಅಂಗನವಾಡಿ, ಶಾಲೆ, ಸಂತೆ, ವಾರ್ಡು, ಬಸ್ ತಂಗುದಾಣಗಳ ಹೆಸರು ಬೇರೆಯೇ ಲೋಕ. ಅಲ್ಲಿ ನಿಧಾನವಾಗಿ ನಡೆಯುವವರಿದ್ದಾರೆ, ದಿನವೂ ನೋಡುವವರಿದ್ದಾರೆ. ಏಕರೂಪದ ಹೆಸರಿನಲ್ಲಿ ಕೈಬರಹವನ್ನು ಅಳಿಸಿದ ನಗರಗಳ ಅನುಭವ ನಮ್ಮ ಮುಂದಿದೆ. ಬ್ಯೂನಸ್ ಐರಿಸ್‌ನಲ್ಲಿ ಕುದುರೆಗಾಡಿಗಳ ಮೇಲೆ ಹುಟ್ಟಿ ಬಸ್ಸುಗಳಿಗೆ ಹಬ್ಬಿದ ಫಿಲೆತೆಯಾದೊ ಎಂಬ ಅಲಂಕೃತ ಬರಹವನ್ನು 1975ರಲ್ಲಿ ಬಸ್ಸುಗಳ ಮೇಲೆ ನಿಷೇಧಿಸಲಾಯಿತು. ಅದೇ ಬರಹ 2015ರಲ್ಲಿ ಯುನೆಸ್ಕೊದ ಪಾರಂಪರಿಕ ಪಟ್ಟಿ ಸೇರಿತು. ಅಷ್ಟರಲ್ಲಿ ನಲವತ್ತು ವರ್ಷ ಕಳೆದಿತ್ತು. ಮೆಕ್ಸಿಕೊ ನಗರದ ಕ್ವಾವ್ತೆಮೊಕ್ ಆಡಳಿತ 2022ರಲ್ಲಿ ಬೀದಿ ಅಂಗಡಿಗಳ ಕೈಬರಹವನ್ನೆಲ್ಲ ಬಳಿದುಹಾಕಿ ಒಂದೇ ಲಾಂಛನ ಹಾಕಿಸಿದಾಗ ಕಲಾವಿದರೂ ಜನರೂ ತಿರುಗಿಬಿದ್ದರು. ಇಂಥ ಕಡೆ ಆಡಳಿತಕ್ಕೆ ಬೇಕಾದದ್ದು ಓದಲು ಬರುವ ಅಕ್ಷರವಲ್ಲ, ನಿಯಂತ್ರಣದಲ್ಲಿರುವ ಬೀದಿ ಎಂಬುದು ಹೊರಬಿದ್ದದ್ದೇ ಆಗ. ಸ್ಪಷ್ಟತೆ ಫಾಂಟಿನಿಂದ ತಾನಾಗಿ ಬರುವ ಗುಣವಲ್ಲ. ಎಳೆದು ತಿರುಚಿದ ಕಂಪ್ಯೂಟರ್ ಅಕ್ಷರಕ್ಕಿಂತ ಅಳೆದು ಬರೆದ ಕೈಬರಹ ದೂರದಿಂದ ಚೆನ್ನಾಗಿ ಓದಿಸಿಕೊಳ್ಳುತ್ತದೆ, ಯಾಕೆಂದರೆ ಬರೆದವರು ಏಣಿಯಿಂದ ಇಳಿದು ರಸ್ತೆಯಾಚೆ ನಿಂತು ಒಮ್ಮೆ ನೋಡಿರುತ್ತಾರೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಈ ಕಸುಬನ್ನು ಯಾರೂ ಬಲವಂತದಿಂದ ಬಿಡಿಸಲಿಲ್ಲ. ಪೇಂಟರುಗಳೇ ಸಾಲ ಮಾಡಿ ಫ್ಲೆಕ್ಸ್ ಯಂತ್ರ ಕೊಂಡರು, ರೇಡಿಯಂ ಅಂಗಡಿ ಹಾಕಿದರು, ಮಕ್ಕಳನ್ನು ಡಿಟಿಪಿ ಕಲಿಯಲು ಕಳಿಸಿದರು. ಬಿಸಿಲಿನಲ್ಲಿ ಏಣಿ ಹತ್ತಿ, ಟರ್ಪೆಂಟೈನ್ ವಾಸನೆ ಕುಡಿದು ದುಡಿದವರು ನೆರಳಿಗೆ ಬಂದದ್ದನ್ನು ಕಂಡು ಮರುಗುವುದು ಹೊಟ್ಟೆ ತುಂಬಿದವರ ಹಳಹಳಿಕೆಯಲ್ಲವೇ? ಯಾರನ್ನೂ ಏಣಿಗೆ ಮರಳಿ ಹತ್ತಿಸಬೇಕೆಂದು ಇಲ್ಲಿ ಯಾರೂ ಕೇಳುತ್ತಿಲ್ಲ. ಅವರು ಬಿಟ್ಟದ್ದು ಕಲೆಯ ಮೇಲಿನ ಬೇಸರದಿಂದಲ್ಲ, ಅದಕ್ಕೆ ಸಿಗುತ್ತಿದ್ದ ಕೂಲಿಯ ಅನಿಶ್ಚಿತತೆಯಿಂದ. ಕೆಲಸ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. 2009ರ ಸುಮಾರಿಗೆ ಬೆಂಗಳೂರಿನ ಪಾಲಿಕೆ ಸಿನಿಮಾ ಬ್ಯಾನರ್ ಕೆಲಸ ಕಳೆದುಕೊಂಡ ಕಲಾವಿದರಿಂದ ನಗರದ ಗೋಡೆಗಳಿಗೆ ಚಿತ್ರ ಬರೆಸಿತು. ಕೈಗಳಿಗೆ ಕೆಲಸ ಸಿಕ್ಕಿತು, ಪೋಸ್ಟರಿನಿಂದ ಕೊಳಕಾಗಿದ್ದ ಗೋಡೆಗಳು ಬಣ್ಣ ಕಂಡವು. ಆದರೆ ಬರೆಸಿದ್ದು ಹೆಚ್ಚಾಗಿ ಹಂಪಿ, ಜೋಗ, ಯಕ್ಷಗಾನ, ಹುಲಿಯಂಥ ಸಿದ್ಧ ಚಿತ್ರಗಳನ್ನು. ಆ ಮಾದರಿಯೇ ಉಳಿದ ಊರುಗಳಿಗೂ ಹಬ್ಬಿತು. ಆ ಕಲಾವಿದರಿಗೆ ಗೊತ್ತಿದ್ದ ಇನ್ನೊಂದು ವಿದ್ಯೆ, ಅಂದರೆ ಸಿನಿಮಾ ಹೆಸರನ್ನು ರಸ್ತೆಯಾಚೆಗೂ ಎದ್ದು ಕಾಣುವಂತೆ ಬರೆಯುವ ವಿದ್ಯೆ, ಕೆಲಸಕ್ಕೆ ಬಾರದೆ ಹೋಯಿತು. ಜೊತೆಗೆ ಕೈಬರಹ ಎಂದರೆ ಬ್ರಷ್ಷೇ ಆಗಬೇಕೆಂದಿಲ್ಲ. ಟ್ಯಾಬ್ಲೆಟ್ಟಿನ ಮೇಲೆ ಬರೆದು ಲೋಹದಲ್ಲಿ ಕತ್ತರಿಸಿದರೂ ಆದೀತು. ಆ ಹೆಸರಿಗಾಗಿ, ಆ ಜಾಗಕ್ಕಾಗಿ ಒಬ್ಬರು ಕೂತು ಅಕ್ಷರ ರಚಿಸಿದ್ದಾರೆಯೇ ಎಂಬುದಷ್ಟೇ ಮಾನದಂಡವಾಗಲಿ. ಹಾಗಾದಾಗ ಹಳೆಯ ಪೇಂಟರ್ ಮತ್ತು ಹೊಸ ಡಿಸೈನರ್ ಎದುರಾಳಿಗಳಾಗದೆ ಗುರು ಶಿಷ್ಯರಾಗಬಹುದು.

ಗೋಡೆಯ ಮೇಲೆ ಬರೆಯುವುದೇ ಅಪರಾಧವಲ್ಲವೇ ಎಂದು ಕೇಳುವವರೂ ಇದ್ದಾರೆ. ತೆರೆದ ಸ್ಥಳಗಳ ವಿಕಾರಗೊಳಿಸುವಿಕೆ ತಡೆಯುವ 1981ರ ಕಾಯ್ದೆ ಅನುಮತಿಯಿಲ್ಲದೆ ಗೋಡೆ, ಕಂಬ, ಮರಗಳ ಮೇಲೆ ಬರೆಯುವುದನ್ನು, ಅಂಟಿಸುವುದನ್ನು ತಡೆಯುತ್ತದೆ. ಆ ಕಾಯ್ದೆ ಹಾಗೇ ಇರಲಿ. ಪಾಲಿಕೆ ತಾನೇ ಬರೆಸುವ ಫಲಕಕ್ಕೆ ಅದು ಅಡ್ಡಿಯಲ್ಲ. ಕೈಯಿಂದ ಬರೆದದ್ದೆಲ್ಲ ಚೆಂದ ಎನ್ನುವ ಭ್ರಮೆಯೂ ಬೇಡ. ಕಾಗುಣಿತ ತಪ್ಪಿದ, ಅಳತೆ ಕೆಟ್ಟ, ಬಣ್ಣ ಅರಚುವ ಕೈಬರಹ ಬೇಕಾದಷ್ಟಿತ್ತು. ಆಯ್ಕೆ ಬೇಕಾಗುತ್ತದೆ, ಆಯ್ಕೆ ಮಾಡಲು ಬಲ್ಲ ಕಣ್ಣು ಬೇಕಾಗುತ್ತದೆ, ಕಡಿಮೆ ದರ ಕೂಗಿದವರಿಗೆ ಕೊಡುವ ಟೆಂಡರಿನಿಂದ ಅದು ಆಗುವುದಿಲ್ಲ. ಮಾದರಿ ಬರಹ ತರಿಸಿಕೊಂಡು, ಕನ್ನಡ ಅಧ್ಯಾಪಕರೊಬ್ಬರು, ಕಲಾ ಶಿಕ್ಷಕರೊಬ್ಬರು, ಹಿರಿಯ ಪೇಂಟರೊಬ್ಬರು ಕೂತು ಆರಿಸುವ ಕ್ರಮ ಕಷ್ಟದ್ದೇನಲ್ಲ.

ಇದನ್ನು ಶುರುಮಾಡಲು ಶಿವಮೊಗ್ಗ ಭದ್ರಾವತಿಯ ನಡುವಿನ ಈ ರಸ್ತೆಗಿಂತ ತಕ್ಕ ಜಾಗ ಸಿಗಲಾರದು. ಒಂದು ಕೊನೆಯಲ್ಲಿ ಪೇಟೆ, ಇನ್ನೊಂದು ಕೊನೆಯಲ್ಲಿ ಕಾರ್ಖಾನೆಯ ಊರು, ನಡುವೆ ಹರಿಗೆ, ಮಲವಗೊಪ್ಪ, ನಿದಿಗೆಗಳಂಥ ಹಳ್ಳಿಯೂ ಅಲ್ಲದ ಪೇಟೆಯೂ ಆಗದ ತಾಣಗಳು. ಸಕ್ಕರೆ ಕಾರ್ಖಾನೆಯ ನೆನಪು, ಕೈಗಾರಿಕಾ ಪ್ರದೇಶದ ಪಾಳಿ, ಗದ್ದೆಯ ಬದುವಿನ ಮೇಲೆ ಎದ್ದ ಲೇಔಟ್ ಎಲ್ಲ ಇಲ್ಲಿ ಪಕ್ಕಪಕ್ಕದಲ್ಲಿವೆ. ರಸ್ತೆ ಅಗಲವಾದಾಗ ಇಂಥ ತಾಣಗಳು ಮೊದಲು ಕಳೆದುಕೊಳ್ಳುವುದು ಗುರುತನ್ನು. ಹೆದ್ದಾರಿಯ ಹಸಿರು ಫಲಕದಲ್ಲಿ ಅವು ಒಂದು ತಿರುವಿನ ಹೆಸರಾಗಿ ಉಳಿಯುತ್ತವೆ. ಈ ದಾರಿಯ ತಂಗುದಾಣ, ಶಾಲೆ, ಕೆರೆ, ಸಂತೆಮಾಳ, ವಾರ್ಡುಗಳ ಹೆಸರನ್ನು ಕೈಬರಹದಲ್ಲಿ, ಬರೆದವರ ರುಜುವಿನೊಂದಿಗೆ ಬರೆಸಲಿ. ಅದಕ್ಕೂ ಮೊದಲು, ಉಳಿದಿರುವ ಹಳೆಯ ಬೋರ್ಡುಗಳನ್ನು ಕಾಮಗಾರಿಯವರು ಕೀಳುವ ಮುನ್ನ ಕುವೆಂಪು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ದಾಖಲು ಮಾಡಿಸಲಿ. ಡ್ರಾಯಿಂಗ್ ಲೋಯರ್, ಹೈಯರ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಕನ್ನಡ ಅಕ್ಷರ ರಚನೆ ಹೂಕುಂಡದ ಚಿತ್ರದಷ್ಟೇ ಮುಖ್ಯ ವಿಷಯವಾಗಲಿ. ಲಲಿತಕಲಾ ಅಕಾಡೆಮಿ ಬೋರ್ಡ್ ಬರೆಯುವವರನ್ನೂ ಕಲಾವಿದರ ಪಟ್ಟಿಗೆ ಸೇರಿಸಿಕೊಳ್ಳಲಿ. ದರಪಟ್ಟಿಯಲ್ಲಿ ಕನ್ನಡ ಕೈಬರಹಕ್ಕೆ ಪ್ರತ್ಯೇಕ ಬಾಬತ್ತು ಬಂದು, ಒತ್ತಕ್ಷರಕ್ಕೂ ಬೆಲೆ ನಿಗದಿಯಾಗಲಿ.

ಇದಕ್ಕಾಗಿ ಹೊಸ ಹಣವನ್ನೇನೂ ಹುಡುಕಬೇಕಿಲ್ಲ. ಫಲಕಗಳನ್ನು ಸರ್ಕಾರ, ಪಾಲಿಕೆ, ನಗರಸಭೆಗಳು ಹೇಗೂ ಪ್ರತಿವರ್ಷ ಬರೆಸುತ್ತವೆ. ಆ ಖರ್ಚು ಯಾರ ಕೈಗೆ ಹೋಗಬೇಕು, ಪ್ರತಿಯಾಗಿ ಊರಿಗೆ ಏನು ಸಿಗಬೇಕು ಎಂದು ತೀರ್ಮಾನಿಸುವುದಷ್ಟೇ ಬಾಕಿ. ಶೇ 60ರ ಕಾನೂನು ಅಂಗಡಿಯವರಿಗೆ ಒಂದು ಕರ್ತವ್ಯ ಹೇಳಿದೆ. ಕನ್ನಡ ದೊಡ್ಡದಾಗಿ ಕಾಣಲಿ ಎಂದು ಇತರರಿಗೆ ಆಜ್ಞೆ ಮಾಡಿದ ಸರ್ಕಾರ, ತನ್ನ ಸ್ವಂತ ಫಲಕಗಳಲ್ಲಿ ಕನ್ನಡ ಚೆನ್ನಾಗಿ ಕಾಣಲಿ ಎಂದು ತನಗೂ ಒಂದು ಆಜ್ಞೆ ಮಾಡಿಕೊಂಡರೆ ಕಾನೂನಿನ ಉಳಿದರ್ಧ ಪೂರ್ತಿಯಾಗುತ್ತದೆ. ದಂಡದ ಭಯಕ್ಕೆ ಕನ್ನಡ ಬರೆಸಿದ ಅಂಗಡಿಯವರು ಪಕ್ಕದ ಗ್ರಂಥಾಲಯದ ಬೋರ್ಡು ನೋಡಿ, ನನಗೂ ಇಂಥದ್ದೊಂದು ಬರೆದುಕೊಡಿ ಎಂದು ಪೇಂಟರನ್ನು ಹುಡುಕಿಕೊಂಡು ಹೋಗುವಂತಾದರೆ, ಯಾವ ತಿದ್ದುಪಡಿಯೂ ಮಾಡಲಾಗದ ಕೆಲಸ ಆಗಿರುತ್ತದೆ.